ವಿಶ್ವಕಿರಣಗಳ ಊರು ಯಾವುದು? ಹಾಲುಹಾದಿಯ ನಡುಮನೆಯ ಕಡೆಗೊಂದು ಹುಡುಕಾಟ

"ಇವತ್ತು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಸ್ವಿಚ್ ಆಫ್ ಮಾಡಿ. ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ. ನಾಸಾ ಹೇಳಿದೆ, ಬಿಬಿಸಿಯಲ್ಲಿ ಬಂದಿದೆ."

ಈ ಸಂದೇಶ ನಿಮ್ಮ ವಾಟ್ಸಾಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಹಲವು ವರ್ಷಗಳಿಂದ ಎಲ್ಲೆಲ್ಲೋ ಸುತ್ತಿ ಮತ್ತೆ ಮತ್ತೆ ಬರುತ್ತಲೇ ಇದೆ. ಮೊನ್ನೆ ನಮ್ಮ ಮನೆಯವರ ಗ್ರೂಪಿಗೂ ಬಂತು. ಅತ್ತಿಗೆ ಫೋನ್ ಮಾಡಿ ಕೇಳಿದರು: "ಮಗು ಪಕ್ಕದಲ್ಲೇ ಫೋನ್ ಇಟ್ಟುಕೊಂಡು ಮಲಗ್ತೀವಿ, ಏನೂ ಆಗಲ್ಲ ತಾನೇ?" ಸಂದೇಶ ಸುಳ್ಳು, ಧೈರ್ಯವಾಗಿ ಮಲಗಿ ಎಂದೆ. "ಹಾಗಾದ್ರೆ ಕಾಸ್ಮಿಕ್ ಕಿರಣ ಅನ್ನೋದೇ ಇಲ್ವಾ?" ಇದೆ ಎಂದೆ. "ಮತ್ತೆ ಅದು ಬರೋದು ಎಲ್ಲಿಂದ?"

ಆ ಕೊನೆಯ ಪ್ರಶ್ನೆಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಹೇಳಲು ಆಗಲಿಲ್ಲ. ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ವಿಜ್ಞಾನಿಗಳು ಬೆನ್ನುಹತ್ತಿರುವ ಪ್ರಶ್ನೆ ಅದು. ಕಳೆದ ಹತ್ತು ವರ್ಷಗಳ ಈಚೆಗೆ ಉತ್ತರದ ಒಂದು ತುಂಡು ನಮ್ಮದೇ ಗೆಲಾಕ್ಸಿಯ ನಟ್ಟನಡುವೆ ಸಿಕ್ಕಿದೆ. ಅತ್ತಿಗೆಗೆ ಹೇಳಬೇಕೆಂದುಕೊಂಡಿದ್ದನ್ನು ಇಲ್ಲಿ ನಿಧಾನವಾಗಿ, ಬುಡದಿಂದ ಬರೆಯುತ್ತಿದ್ದೇನೆ.

ಒಮ್ಮೆ ಅಂಗೈ ಚಾಚಿ

ಅಂಗೈಯನ್ನು ಆಕಾಶದ ಕಡೆಗೆ ಚಾಚಿ, ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿ. ಸೆಕೆಂಡಿಗೆ ಒಂದರಂತೆ ಒಂದು ಪುಟ್ಟ ಕಣ ನಿಮ್ಮ ಅಂಗೈಯನ್ನು ತೂರಿಕೊಂಡು ಕೆಳಗೆ ಹೋಗುತ್ತಿದೆ. ನೋವಿಲ್ಲ, ಗುರುತಿಲ್ಲ. ಸೂರು, ಗೋಡೆ, ಹೊದಿಕೆ ಯಾವುದೂ ಅದಕ್ಕೆ ಅಡ್ಡಿಯಲ್ಲ. ಈ ಕಣದ ಹೆಸರು ಮ್ಯುಯಾನ್. ಹಗಲು ರಾತ್ರಿ ಎನ್ನದೆ, ನೀವು ಹುಟ್ಟಿದಾಗಿನಿಂದ ಇದು ನಡೆದೇ ಇದೆ. ಹಾಗಾಗಿ 'ರಾತ್ರಿ 12.30ರಿಂದ 3.30' ಎಂಬ ಹೊತ್ತಿಗೆ ಅರ್ಥವೇ ಇಲ್ಲ.

ಆದರೆ ಮ್ಯುಯಾನ್ ಆಕಾಶದಾಚೆಯಿಂದ ಬಂದದ್ದಲ್ಲ. ಅದು ಹುಟ್ಟಿದ್ದು ನಮ್ಮ ತಲೆಯ ಮೇಲೆ ಹತ್ತಾರು ಕಿಲೋಮೀಟರ್ ಎತ್ತರದ ಗಾಳಿಯಲ್ಲಿ. ಹೊರಗಿನಿಂದ ಭಾರೀ ವೇಗದಲ್ಲಿ ಬಂದ ಇನ್ನೊಂದು ಕಣ ಅಲ್ಲಿನ ಗಾಳಿಯ ಪರಮಾಣುವಿಗೆ ಬಡಿಯಿತು. ಬಡಿದ ಏಟಿಗೆ ಚೂರುಗಳು ಚಿಮ್ಮಿದವು. ಆ ಚೂರುಗಳು ಇನ್ನಷ್ಟು ಪರಮಾಣುಗಳಿಗೆ ಬಡಿದವು. ಹೀಗೆ ಒಂದು ಕಣ ಸಾವಿರವಾಗಿ, ಲಕ್ಷವಾಗಿ ಮಳೆಯಂತೆ ಸುರಿಯುತ್ತದೆ. ಇದನ್ನು ಕಣಗಳ ಸುರಿಮಳೆ ಎನ್ನೋಣ. ಅಂಗೈ ತೂರಿದ್ದು ಆ ಮಳೆಯ ಒಂದು ಹನಿ.

ಮಳೆ ಸುರಿಸಿದ ಆ ಮೊದಲ ಕಣವೇ ವಿಶ್ವಕಿರಣ, ಅಂದರೆ ಕಾಸ್ಮಿಕ್ ಕಿರಣ. ಕಿರಣ ಎಂಬ ಹೆಸರು ಹಳೆಯ ಕಾಲದ ತಪ್ಪು ತಿಳಿವಳಿಕೆಯಿಂದ ಅಂಟಿಕೊಂಡದ್ದು. ಬೆಳಕಿನ ಹಾಗೆ ಅದು ಕಿರಣವಲ್ಲ, ನಿಜವಾದ ಪದಾರ್ಥದ ತುಣುಕು. ನೂರರಲ್ಲಿ ಸುಮಾರು 90 ಪ್ರೋಟಾನ್‌ಗಳು, ಅಂದರೆ ಜಲಜನಕದ ಬೀಜ (ಪರಮಾಣುವಿನ ನಟ್ಟನಡುವಿನ ತಿರುಳು). ಸುಮಾರು 9 ಹೀಲಿಯಂನ ಬೀಜ. ಉಳಿದದ್ದು ಕಬ್ಬಿಣದಂಥ ಭಾರದ ಪರಮಾಣುಗಳ ಬೀಜ ಮತ್ತು ಎಲೆಕ್ಟ್ರಾನ್.

ಬಲೂನು ಹತ್ತಿದ ಹೆಸ್

1900ರ ಆಸುಪಾಸಿನಲ್ಲಿ ವಿಜ್ಞಾನಿಗಳಿಗೆ ಒಂದು ಸಣ್ಣ ತಲೆನೋವಿತ್ತು. ವಿದ್ಯುತ್ ತುಂಬಿಟ್ಟ ಒಂದು ಉಪಕರಣವನ್ನು ಎಷ್ಟೇ ಭದ್ರವಾಗಿ ಮುಚ್ಚಿಟ್ಟರೂ ಅದರ ವಿದ್ಯುತ್ ನಿಧಾನವಾಗಿ ಸೋರಿಹೋಗುತ್ತಿತ್ತು. ಕಣ್ಣಿಗೆ ಕಾಣದ ಯಾವುದೋ ವಿಕಿರಣ ಒಳಗೆ ನುಗ್ಗುತ್ತಿದೆ ಎಂದಾಯಿತು. ನೆಲದಲ್ಲಿರುವ ವಿಕಿರಣದ ಖನಿಜಗಳೇ ಇದಕ್ಕೆ ಕಾರಣ ಎಂದು ಹೆಚ್ಚಿನವರು ನಂಬಿದ್ದರು.

ನೆಲವೇ ಕಾರಣವಾದರೆ ಮೇಲೆ ಹೋದ ಹಾಗೆ ಅದು ಕಮ್ಮಿ ಆಗಬೇಕು ಅಲ್ವಾ? ಆಸ್ಟ್ರಿಯಾದ ವಿಕ್ಟರ್ ಹೆಸ್ ಇದನ್ನು ನೋಡಿಯೇಬಿಡೋಣ ಎಂದು ಉಪಕರಣ ಕಟ್ಟಿಕೊಂಡು ಬಲೂನು ಹತ್ತಿದರು. 1912ರ ಆಗಸ್ಟ್ 7ರಂದು ಐದು ಸಾವಿರ ಮೀಟರಿಗೂ ಮೇಲೆ ಹೋದರು. ಅಲ್ಲಿ ವಿಕಿರಣ ಕಮ್ಮಿ ಆಗಿರಲಿಲ್ಲ, ನೆಲಕ್ಕಿಂತ ಜಾಸ್ತಿಯಾಗಿತ್ತು. ಅಂದರೆ ಅದು ಬರುತ್ತಿರುವುದು ಮೇಲಿಂದ. ಅದೇ ವರ್ಷ ಏಪ್ರಿಲ್‌ನಲ್ಲಿ ಸೂರ್ಯಗ್ರಹಣದ ಹೊತ್ತಿನಲ್ಲೂ ಅವರು ಮೇಲೆ ಹೋಗಿದ್ದರು. ಸೂರ್ಯ ಮರೆಯಾದರೂ ವಿಕಿರಣ ತಗ್ಗಲಿಲ್ಲ. ಹಾಗಾಗಿ ಸೂರ್ಯ ಇದರ ಮುಖ್ಯ ಮೂಲವಲ್ಲ ಎಂದೂ ತಿಳಿಯಿತು. 1936ರಲ್ಲಿ ಹೆಸ್‌ಗೆ ನೊಬೆಲ್ ಬಂತು.

ಸೂರ್ಯನಲ್ಲ, ನೆಲವಲ್ಲ. ಹಾಗಾದರೆ ಎಲ್ಲಿಂದ? ಅತ್ತಿಗೆ ಕೇಳಿದ ಪ್ರಶ್ನೆ ಶುರುವಾಗಿದ್ದೇ ಅಲ್ಲಿಂದ.

ಒಂದು ಸಾಸಿವೆ ಕಾಳಿನ ಲೆಕ್ಕ

ಮುಂದೆ ಹೋಗುವ ಮೊದಲು ಶಕ್ತಿಯ ಅಳತೆ ಗೊತ್ತಿರಬೇಕು. ಕಣಗಳ ಶಕ್ತಿಯನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಳೆಯುತ್ತಾರೆ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿ ಇರುವುದು ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಅಷ್ಟೇ.

ಬಜೆಟ್ ಸುದ್ದಿಯಲ್ಲಿ 'ಲಕ್ಷ ಕೋಟಿ' ಎಂದು ಕೇಳುತ್ತೇವಲ್ಲ, ಇಲ್ಲಿ ಅದೇ ಲೆಕ್ಕ ಕೆಲಸಕ್ಕೆ ಬರುತ್ತದೆ. ಒಂದು ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗೆ ಒಂದು ಟೆರಾ ಎಲೆಕ್ಟ್ರಾನ್ ವೋಲ್ಟ್ ಎನ್ನುತ್ತಾರೆ. ನಾವು ಚಿಕ್ಕದಾಗಿ ಟೆರಾ ಎನ್ನೋಣ. ಜಿನೀವಾ ಹತ್ತಿರ ನೆಲದಡಿಯಲ್ಲಿರುವ 27 ಕಿಲೋಮೀಟರ್ ಸುತ್ತಳತೆಯ ಸರ್ನ್ ಯಂತ್ರ ಮನುಷ್ಯ ಕಟ್ಟಿದ ಅತಿ ದೊಡ್ಡ ಕಣದೂಡುಕ, ಅಂದರೆ ಕಣಗಳಿಗೆ ವೇಗ ಕೊಡುವ ಯಂತ್ರ. ಅದು ಒಂದು ಪ್ರೋಟಾನ್‌ಗೆ ಕೊಡಬಲ್ಲದ್ದು 6.8 ಟೆರಾ.

ಸಾವಿರ ಟೆರಾ ಸೇರಿದರೆ ಒಂದು ಪೆಟಾ. ಸಾವಿರ ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್. ಸರ್ನ್ ಯಂತ್ರದ ಸುಮಾರು 150 ಪಟ್ಟು. ಈ ಲೇಖನದ ನಾಯಕ ಈ ಪೆಟಾ ಶಕ್ತಿಯ ಕಣವೇ. ಇಂಥ ಶಕ್ತಿ ಕೊಡುವ ಜಾಗಕ್ಕೆ ವಿಜ್ಞಾನಿಗಳು ಪೆವಾಟ್ರಾನ್ ಎಂದು ಹೆಸರಿಟ್ಟಿದ್ದಾರೆ.

ಒಂದು ಪೆಟಾ ಅಂದರೆ ನಮ್ಮ ಕೈಗೆ ಸಿಗುವ ಅಳತೆಯಲ್ಲಿ ಎಷ್ಟು? ಒಗ್ಗರಣೆ ಡಬ್ಬಿಯಿಂದ ಒಂದು ಸಾಸಿವೆ ಕಾಳು ತೆಗೆದುಕೊಳ್ಳಿ. ಎರಡು ಅಂತಸ್ತಿನ ಮನೆಯ ತಾರಸಿಯಿಂದ ಕೆಳಗೆ ಬಿಡಿ. ನೆಲ ಮುಟ್ಟುವಾಗ ಆ ಕಾಳಿನಲ್ಲಿರುವ ಶಕ್ತಿ ಹೆಚ್ಚುಕಡಿಮೆ ಒಂದು ಪೆಟಾ. ಇಷ್ಟೇನಾ ಅನಿಸಬಹುದು. ಆದರೆ ಆ ಕಾಳಿನೊಳಗೆ ಸುಮಾರು ಕೋಟಿ ಕೋಟಿ ಕೋಟಿ ಪ್ರೋಟಾನ್‌ಗಳಿವೆ. ಅಷ್ಟೂ ಪ್ರೋಟಾನ್‌ಗಳು ಹಂಚಿಕೊಂಡ ಶಕ್ತಿಯನ್ನು ಇಲ್ಲಿ ಒಂದೇ ಒಂದು ಪ್ರೋಟಾನ್ ಹೊತ್ತು ಬರುತ್ತದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನಾನು ಸೊನ್ನೆಗಳನ್ನು ಎರಡು ಸಲ ಎಣಿಸಿ ನೋಡಿದ್ದೆ.

ಇಂಥ ಕಣಗಳು ಅಪರೂಪ. ಸುಮಾರು 3 ಪೆಟಾ ಮತ್ತು ಅದಕ್ಕಿಂತ ಮೇಲಿನವು ಒಂದು ಚದರ ಮೀಟರಿಗೆ ವರ್ಷಕ್ಕೆ ಒಂದು ಬರುತ್ತವೆ. ಬೆಂಗಳೂರಿನ ಲೆಕ್ಕದಲ್ಲಿ ಹೇಳುವುದಾದರೆ, 30×40ರ ಒಂದು ಸೈಟಿನ ಮೇಲಿನ ಆಕಾಶಕ್ಕೆ ಮೂರು ನಾಲ್ಕು ದಿನಕ್ಕೊಂದು. ಇನ್ನೂ ಒಂದು ವಿಷಯವಿದೆ. ಶಕ್ತಿ ಹೆಚ್ಚಿದಂತೆ ಕಣಗಳ ಸಂಖ್ಯೆ ಇಳಿಯುವುದನ್ನು ಗ್ರಾಫಿನಲ್ಲಿ ಬರೆದರೆ, ಸುಮಾರು 3 ಪೆಟಾ ಬಳಿ ಗೆರೆ ತಟ್ಟನೆ ಇನ್ನಷ್ಟು ಕಡಿದಾಗಿ ಬಾಗುತ್ತದೆ. 1958ರಲ್ಲಿ ಮಾಸ್ಕೋದಲ್ಲಿ ಇದನ್ನು ಮೊದಲು ಗುರುತಿಸಿದರು. ಬಾಗಿದ ಆಕಾರ ನೋಡಿ ಇದಕ್ಕೆ 'ಮೊಣಕಾಲು' ಎಂದೇ ಹೆಸರು. ನಮ್ಮ ಗೆಲಾಕ್ಸಿಯ ಕಣದೂಡುಕಗಳ ಕಸುವು ಇಲ್ಲಿಗೆ ಸೋಲುತ್ತಾ ಬರುತ್ತದೆ ಎಂಬುದು ಬಹುಮಂದಿಯ ಅಂದಾಜು. ಹಾಗಾಗಿ ಪೆವಾಟ್ರಾನ್‌ಗಳನ್ನು ನಮ್ಮ ಗೆಲಾಕ್ಸಿಯೊಳಗೇ ಹುಡುಕಬೇಕು.

ವಿಳಾಸ ಯಾಕೆ ಸಿಗುವುದಿಲ್ಲ

ಕಣ ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿನಲ್ಲಿ ಹಿಂದಕ್ಕೆ ಗೆರೆ ಎಳೆದರೆ ಅದರ ಊರು ಸಿಗಬೇಕಲ್ಲ?

ಸಿಗುವುದಿಲ್ಲ. ಪ್ರೋಟಾನ್‌ಗೆ ವಿದ್ಯುತ್ ಅಂಶವಿದೆ. ವಿದ್ಯುತ್ ಅಂಶವಿರುವ ಕಣ ಕಾಂತಕ್ಷೇತ್ರದಲ್ಲಿ ನೆಟ್ಟಗೆ ಹೋಗುವುದಿಲ್ಲ, ಬಾಗುತ್ತದೆ. ನಕ್ಷತ್ರಗಳ ನಡುವಿನ ಬಯಲಿನಲ್ಲಿ ಎಲ್ಲ ಕಡೆ ಕಾಂತಕ್ಷೇತ್ರವಿದೆ. ಅದು ಬಹಳ ಸಣ್ಣದು, ಭೂಮಿಯದಕ್ಕಿಂತ ಲಕ್ಷ ಪಟ್ಟಿನಷ್ಟು ದುರ್ಬಲ. ಆದರೂ ಪೆಟಾ ಶಕ್ತಿಯ ಪ್ರೋಟಾನ್ ಸುಮಾರು ಒಂದು ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ) ಹೋಗುವಷ್ಟರಲ್ಲೇ ತಿರುವು ತೆಗೆದುಕೊಂಡಿರುತ್ತದೆ. ಗೆಲಾಕ್ಸಿಯ ನಡುಭಾಗ ಇರುವುದು ಸುಮಾರು 26,000 ಜ್ಯೋತಿರ್ವರ್ಷ ಆಚೆ.

ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ನೆನಪಿಸಿಕೊಳ್ಳಿ. ತೇರಿನ ಬೀದಿ, ಬಳೆ ಅಂಗಡಿ, ಮಿಠಾಯಿ ಸಾಲು ಎಲ್ಲ ಸುತ್ತಿ ಕೊನೆಗೆ ನಿಮ್ಮ ಎಡಗಡೆಯಿಂದ ಬಂದು ಕೈ ಹಿಡಿಯಿತು. ಎಡಗಡೆಯಿಂದ ಬಂತು ಎಂದು ಅದರ ಮನೆ ಎಡಕ್ಕೇ ಇದೆ ಎನ್ನಲಾಗುತ್ತದೆಯೇ? ವಿಶ್ವಕಿರಣಗಳೂ ಹಾಗೆ. ಎಲ್ಲ ದಿಕ್ಕಿನಿಂದಲೂ ಹೆಚ್ಚುಕಡಿಮೆ ಸಮನಾಗಿ ಬರುತ್ತವೆ.

ಅದಕ್ಕೇ ವಿಜ್ಞಾನಿಗಳು ಮಗುವನ್ನು ಕೇಳುವುದು ಬಿಟ್ಟು, ಅದು ಮನೆ ಬಿಡುವಾಗ ಆದ ಸದ್ದನ್ನು ಹುಡುಕುತ್ತಾರೆ. ಪ್ರೋಟಾನ್ ಹುಟ್ಟಿದ ಜಾಗದ ಹತ್ತಿರವೇ ಅನಿಲದ ಮೋಡವಿದ್ದರೆ ಕೆಲವು ಪ್ರೋಟಾನ್‌ಗಳು ಅಲ್ಲೇ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಲ್ಲಿ ಪಯಾನ್ ಎಂಬ ಕ್ಷಣಿಕ ಕಣಗಳು ಹುಟ್ಟುತ್ತವೆ. ವಿದ್ಯುತ್ ಅಂಶವಿಲ್ಲದ ಪಯಾನ್ ಒಡೆದು ಎರಡು ಗಾಮಾ ಕಿರಣಗಳಾಗುತ್ತದೆ. ವಿದ್ಯುತ್ ಅಂಶವಿರುವವು ಒಡೆದಾಗ ನ್ಯೂಟ್ರಿನೋ ಎಂಬ, ಯಾವುದಕ್ಕೂ ಸುಲಭವಾಗಿ ಸಿಕ್ಕಿಬೀಳದ ಪುಟ್ಟ ಕಣಗಳು ಹೊರಡುತ್ತವೆ. ಗಾಮಾ ಅಂದರೆ ಬೆಳಕೇ, ಆದರೆ ಭಾರೀ ಶಕ್ತಿಯದು. ಬೆಳಕಿಗಾಗಲಿ ನ್ಯೂಟ್ರಿನೋಗಾಗಲಿ ಕಾಂತಕ್ಷೇತ್ರದ ಹಂಗಿಲ್ಲ. ಎರಡೂ ನೆಟ್ಟಗೆ ಬರುತ್ತವೆ. ಗೆರೆ ಎಳೆದರೆ ಊರು ಸಿಗುತ್ತದೆ.

ಲೆಕ್ಕಕ್ಕೆ ಒಂದು ಸುಲಭದ ಸೂತ್ರವಿದೆ. ಗಾಮಾಗೆ ಸಿಗುವುದು ಪ್ರೋಟಾನ್‌ನ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ. ಅಂದರೆ ಎಲ್ಲಿಂದಲಾದರೂ 100 ಟೆರಾ ಗಾಮಾ ಬಂತೆಂದರೆ, ಅಲ್ಲಿ ಸಾವಿರ ಟೆರಾದ, ಅಂದರೆ ಒಂದು ಪೆಟಾದ ಪ್ರೋಟಾನ್ ಇದ್ದಿರಬೇಕು.

ಎರಡು ಬ್ಯಾಟಿನ ನಡುವಿನ ಚೆಂಡು

ಒಂದು ಕಣಕ್ಕೆ ಇಷ್ಟು ವೇಗ ಬರುವುದು ಹೇಗೆ? ಇದರ ಮೂಲ ವಿಚಾರವನ್ನು 1949ರಲ್ಲಿ ಎನ್ರಿಕೊ ಫರ್ಮಿ ಹೇಳಿದರು. 1970ರ ದಶಕದ ಕೊನೆಯಲ್ಲಿ ಅದಕ್ಕೆ ಈಗಿನ ರೂಪ ಬಂತು.

ನಿಂತ ಗೋಡೆಗೆ ಚೆಂಡು ಎಸೆದರೆ ಹೋದ ವೇಗದಲ್ಲೇ ವಾಪಸ್ ಬರುತ್ತದೆ. ಮುಂದೆ ನುಗ್ಗುವ ಬ್ಯಾಟಿಗೆ ಬಡಿದರೆ ಜಾಸ್ತಿ ವೇಗದಲ್ಲಿ ಬರುತ್ತದೆ. ಈಗ ಇಬ್ಬರು ಬ್ಯಾಟ್ ಹಿಡಿದು ಎದುರುಬದುರಾಗಿ ಒಬ್ಬರ ಕಡೆಗೊಬ್ಬರು ನಡೆದು ಬರುತ್ತಾ, ನಡುವಿನ ಚೆಂಡನ್ನು ಬಾರಿಸುತ್ತಲೇ ಇದ್ದಾರೆ ಎಂದುಕೊಳ್ಳಿ. ಪ್ರತಿ ಏಟಿಗೂ ಚೆಂಡಿನ ವೇಗ ಏರುತ್ತದೆ.

ನಕ್ಷತ್ರ ಸಿಡಿದಾಗ, ಅಂದರೆ ಸೂಪರ್‌ನೋವಾ ಆದಾಗ, ಒಂದು ಆಘಾತದ ಅಲೆ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹರಡುತ್ತದೆ. ಅಲೆಯ ಮುಂದೆಯೂ ಹಿಂದೆಯೂ ಸಿಕ್ಕುಸಿಕ್ಕಾದ ಕಾಂತಕ್ಷೇತ್ರವಿರುತ್ತದೆ. ಅವೇ ಆ ಎರಡು ಬ್ಯಾಟು. ಕಣ ಅಲೆಯನ್ನು ಅತ್ತಿಂದಿತ್ತ ಸಾವಿರಾರು ಸಲ ದಾಟುತ್ತಾ ಶಕ್ತಿ ಕೂಡಿಸಿಕೊಳ್ಳುತ್ತದೆ. ಆದರೆ ಆಟ ಸಾಗಬೇಕಾದರೆ ಚೆಂಡು ಬ್ಯಾಟುಗಳ ನಡುವೆಯೇ ಉಳಿಯಬೇಕು. ವೇಗ ಏರಿದಂತೆ ಕಣವನ್ನು ಹಿಡಿದಿಡುವುದು ಕಷ್ಟ. ಜಾಗ ದೊಡ್ಡದಿರಬೇಕು, ಇಲ್ಲವೇ ಕಾಂತಕ್ಷೇತ್ರ ಬಲವಾಗಿರಬೇಕು. ಎರಡೂ ಸಾಲದಾದಾಗ ಕಣ ಕೈತಪ್ಪಿ ಹೊರಟುಹೋಗುತ್ತದೆ.

ವಿಶ್ವಕಿರಣಗಳಿಗೆ ಸೂಪರ್‌ನೋವಾಗಳೇ ಮೂಲವಿರಬಹುದು ಎಂದು 1934ರಲ್ಲೇ ವಾಲ್ಟರ್ ಬಾಡೆ ಮತ್ತು ಫ್ರಿಟ್ಜ್ ಜ್ವಿಕಿ ಹೇಳಿದ್ದರು. ಎರಡು ಸೂಪರ್‌ನೋವಾಗಳ ಅವಶೇಷದಲ್ಲಿ ಪ್ರೋಟಾನ್‌ಗಳಿಗೆ ವೇಗ ಸಿಗುತ್ತಿರುವುದನ್ನು ಫರ್ಮಿಯ ಹೆಸರಿನದೇ ಉಪಗ್ರಹ 2013ರಲ್ಲಿ ತೋರಿಸಿತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಚೆನ್ನಾಗಿ ನೋಡಿರುವ ಸೂಪರ್‌ನೋವಾ ಅವಶೇಷಗಳ ಗಾಮಾ ಬೆಳಕು ಪೆಟಾ ಶಕ್ತಿಯನ್ನು ತಲುಪುವ ಮೊದಲೇ ಕುಸಿಯುತ್ತದೆ. ಸಾಧಾರಣ ವಿಶ್ವಕಿರಣಕ್ಕೆ ಅವು ಸಾಕು. ಮೊಣಕಾಲಿನವರೆಗೆ ತಳ್ಳುವವರು ಬೇರೆ ಯಾರೋ ಇರಬೇಕು.

ನಡುಮನೆಯಲ್ಲಿ ಏನಿದೆ

ಹಾಲುಹಾದಿ ನಮ್ಮ ಗೆಲಾಕ್ಸಿ. ನಾವು ಅದರ ಹೊರಬಡಾವಣೆಯವರು. ನಡುಮನೆ ನಮ್ಮಿಂದ ದೂರ, ನಡುವೆ ದಟ್ಟ ದೂಳು. ಕಣ್ಣಿಗೆ ಕಾಣುವ ಬೆಳಕು ಆ ದೂಳನ್ನು ದಾಟಿ ಬರುವುದಿಲ್ಲ. ರೇಡಿಯೋ, ಇನ್‌ಫ್ರಾರೆಡ್, ಎಕ್ಸ್‌ರೇ, ಗಾಮಾ ಬರುತ್ತವೆ.

ಅಲ್ಲಿ ಜನಸಂದಣಿ ಜಾಸ್ತಿ. ನಟ್ಟನಡುವೆ ಸ್ಯಾಜಿಟೇರಿಯಸ್ ಎ ಸ್ಟಾರ್ ಎಂಬ ಕಪ್ಪುಕುಳಿ. ತೂಕ ನಮ್ಮ ಸೂರ್ಯನ ಸುಮಾರು 40 ಲಕ್ಷ ಪಟ್ಟು. ಅದರ ಸುತ್ತ ನಕ್ಷತ್ರಗಳು ಗಿರಕಿ ಹೊಡೆಯುವುದನ್ನು ವರ್ಷಗಟ್ಟಲೆ ಅಳೆದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್‌ಗೆ 2020ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. 2022ರ ಮೇ 12ರಂದು ಅದರ ಚಿತ್ರ ಬಿಡುಗಡೆಯಾಯಿತು, ಕೇಸರಿ ಬಣ್ಣದ ಬಳೆಯ ಹಾಗೆ ಕಂಡಿದ್ದು ನಿಮಗೂ ನೆನಪಿರಬಹುದು. ಕಪ್ಪುಕುಳಿಯ ಹತ್ತಿರವೇ ಎಳೆಯ ದೈತ್ಯ ನಕ್ಷತ್ರಗಳ ಗುಂಪಿದೆ. ಸಿಡಿದ ನಕ್ಷತ್ರದ ಅವಶೇಷವೂ ಇದೆ. ಸುತ್ತ ನೂರಾರು ಜ್ಯೋತಿರ್ವರ್ಷ ದೂರದವರೆಗೆ ಕೋಟಿಗಟ್ಟಲೆ ಸೂರ್ಯರ ತೂಕದ ಅನಿಲದ ಮೋಡಗಳು.

ಈ ಮೋಡಗಳು ಬಹಳ ಮುಖ್ಯ. ಪ್ರೋಟಾನ್‌ಗಳು ಡಿಕ್ಕಿ ಹೊಡೆದು ಗಾಮಾ ಹೊರಡಿಸಲು ಬೇಕಾದ ಗೋಡೆ ಅವೇ.

ಊದುಬತ್ತಿಯ ಜಾಡು

ನಮೀಬಿಯಾದ ಎತ್ತರದ ಬಯಲಿನಲ್ಲಿ ಐದು ದೂರದರ್ಶಕಗಳಿವೆ. ಹೆಸರು ಹೆಸ್, ಬಲೂನು ಹತ್ತಿದ ಅದೇ ವಿಜ್ಞಾನಿಯ ನೆನಪಿಗೆ. 12 ಮೀಟರ್ ಅಗಲದ ನಾಲ್ಕು, 2012ರಲ್ಲಿ ಸೇರಿದ 28 ಮೀಟರಿನ ಒಂದು. ಗಾಮಾ ಕಿರಣ ನೆಲದವರೆಗೆ ಬರುವುದಿಲ್ಲ, ಮೇಲಿನ ಗಾಳಿಗೆ ಬಡಿದು ಕಣಗಳ ಸುರಿಮಳೆಯಾಗುತ್ತದೆ. ಆ ಮಳೆ ಬೀಳುವಾಗ ಗಾಳಿಯಲ್ಲಿ ಮಂದವಾದ ನೀಲಿ ಬೆಳಕು ಮಿಂಚುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ತುಂಡು ಮಾಡಿದರೆ ಅದರಲ್ಲಿ ಕೆಲವೇ ತುಂಡುಗಳಷ್ಟು ಹೊತ್ತು. ಕಣ್ಣಿಗೆ ಕಾಣದು, ಈ ದೂರದರ್ಶಕಗಳು ಹಿಡಿಯುತ್ತವೆ. ನಾಲ್ಕೈದು ಕಡೆಯಿಂದ ನೋಡಿದ ಮಿಂಚನ್ನು ಜೋಡಿಸಿದರೆ ಗಾಮಾ ಬಂದ ದಿಕ್ಕು ಗೊತ್ತಾಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಗೆಲಾಕ್ಸಿಯ ನಡುಭಾಗ ನಮೀಬಿಯಾದಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಹಾದುಹೋಗುತ್ತದೆ.

ಸುಮಾರು ಹತ್ತು ವರ್ಷ ನೋಡಿ ಕೂಡಿಸಿದ ಮಾಹಿತಿಯನ್ನು ಹೆಸ್ ತಂಡ 2016ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅದರಲ್ಲಿ ಮೂರು ಸಂಗತಿಗಳಿದ್ದವು. ಗಾಮಾ ಬೆಳಕಿನ ನಕ್ಷೆ ಅನಿಲದ ಮೋಡಗಳ ನಕ್ಷೆಗೆ ಹೊಂದುತ್ತಿತ್ತು, ಅಂದರೆ ಡಿಕ್ಕಿ ಹೊಡೆಯುತ್ತಿರುವುದು ಪ್ರೋಟಾನ್‌ಗಳು. ಗಾಮಾ ಶಕ್ತಿ ಹತ್ತಾರು ಟೆರಾವರೆಗೂ ಕುಸಿಯದೆ ಸಾಗಿತ್ತು, ಅಂದರೆ ಪ್ರೋಟಾನ್‌ಗಳು ಪೆಟಾದ ಹತ್ತಿರ ಹೋಗುತ್ತಿವೆ.

ಮೂರನೆಯದು ನನಗೆ ಅತ್ಯಂತ ಇಷ್ಟವಾದದ್ದು. ಪ್ರೋಟಾನ್‌ಗಳು ನಡುವಿನಲ್ಲಿ ದಟ್ಟವಾಗಿದ್ದು, ದೂರ ಹೋದಂತೆ ಒಂದು ಲೆಕ್ಕದಲ್ಲಿ ತೆಳುವಾಗುತ್ತಿದ್ದವು. ದೂರ ಎರಡು ಪಟ್ಟಾದರೆ ದಟ್ಟಣೆ ಅರ್ಧ.

ಇದರಲ್ಲಿ ಏನು ವಿಶೇಷ? ದೇವರಮನೆಯಲ್ಲಿ ಊದುಬತ್ತಿ ಉರಿಯುತ್ತಿದೆ ಎನ್ನಿ. ಅದರ ಹತ್ತಿರ ಪರಿಮಳ ಗಾಢ, ಹಜಾರದಲ್ಲಿ ಕಮ್ಮಿ, ಬಾಗಿಲ ಬಳಿ ಇನ್ನೂ ಕಮ್ಮಿ. ಕಣ್ಣು ಮುಚ್ಚಿಕೊಂಡು ಮೂಗು ಹಿಡಿದ ಜಾಡಿನಲ್ಲೇ ಊದುಬತ್ತಿ ಎಲ್ಲಿದೆ ಎಂದು ಹೇಳಬಹುದು. ಅದೇ ಬೆಳಗ್ಗೆ ಯಾರೋ ಒಮ್ಮೆ ಸೆಂಟು ಸಿಂಪಡಿಸಿ ಹೋಗಿದ್ದರೆ? ಸ್ವಲ್ಪ ಹೊತ್ತಿಗೆ ವಾಸನೆ ಮನೆಯೆಲ್ಲ ಒಂದೇ ಸಮ ಹರಡಿರುತ್ತಿತ್ತು. ಗೆಲಾಕ್ಸಿಯ ನಡುವಿನಲ್ಲಿ ಕಂಡದ್ದು ಊದುಬತ್ತಿಯ ಜಾಡು. ಒಮ್ಮೆ ಸಿಡಿದು ಮುಗಿದ ಘಟನೆಯಲ್ಲ, ಸಾವಿರಾರು ವರ್ಷಗಳಿಂದ ಬಿಡದೆ ಉರಿಯುತ್ತಿರುವ ಮೂಲ. ಅದು ಕೂತಿರುವುದು ನಡುವಿನ ಸುಮಾರು 33 ಜ್ಯೋತಿರ್ವರ್ಷದೊಳಗೆ. ಅಷ್ಟು ಹತ್ತಿರದಲ್ಲೇ ಇದೆ ಕಪ್ಪುಕುಳಿ.

ನೀರಿನ ಟ್ಯಾಂಕುಗಳ ಸಾಕ್ಷಿ

ಹತ್ತಾರು ಟೆರಾದಿಂದ ಪೆಟಾವನ್ನು ಊಹಿಸುವುದು ಸರಿ. ಆದರೆ ನಡುಮನೆಯಿಂದ 100 ಟೆರಾ ದಾಟಿದ ಗಾಮಾ ಕಣ್ಣಾರೆ ಸಿಕ್ಕಿರಲಿಲ್ಲ. ನಡುವೆ ಕಾನರಿ ದ್ವೀಪದ ಮ್ಯಾಜಿಕ್ ದೂರದರ್ಶಕಗಳ ಮಾಹಿತಿಯಲ್ಲಿ, ಶಕ್ತಿ ಅದಕ್ಕೆ ಮೊದಲೇ ಕುಸಿಯುತ್ತಿರಬಹುದು ಎಂಬ ಮಸುಕಾದ ಸುಳಿವೂ ಕಂಡಿತ್ತು. ಸಂಶಯ ಉಳಿಯಿತು.

ಅದನ್ನು ಬಹುಮಟ್ಟಿಗೆ ಕಳೆದದ್ದು ಮೆಕ್ಸಿಕೋದ ಬೆಟ್ಟದ ಮೇಲಿರುವ ಹಾಕ್ ವೀಕ್ಷಣಾಲಯ. ಇದು ದೂರದರ್ಶಕದ ಹಾಗೆ ಇಲ್ಲವೇ ಇಲ್ಲ. ಸುಮಾರು 4,100 ಮೀಟರ್ ಎತ್ತರದಲ್ಲಿ 300 ದೊಡ್ಡ ನೀರಿನ ಟ್ಯಾಂಕುಗಳು ಒತ್ತೊತ್ತಾಗಿ ನಿಂತಿವೆ. ಒಂದೊಂದರಲ್ಲೂ ಎರಡು ಲಕ್ಷ ಲೀಟರಿನ ಹತ್ತಿರ ಶುದ್ಧ ನೀರು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಒಂದು ಟ್ಯಾಂಕಿಗೆ ಮೂವತ್ತಕ್ಕೂ ಜಾಸ್ತಿ ಟ್ಯಾಂಕರ್. ಸುರಿಮಳೆಯ ಕಣಗಳು ನೀರೊಳಗೆ ನುಗ್ಗಿದಾಗ ಅಲ್ಲೂ ನೀಲಿ ಮಿಂಚು. ಟ್ಯಾಂಕಿನ ತಳದ ಸಂವೇದಕಗಳು ಅದನ್ನು ಹಿಡಿಯುತ್ತವೆ. ಹಗಲು, ಮೋಡ, ಹುಣ್ಣಿಮೆ ಯಾವುದೂ ಅಡ್ಡಿಯಲ್ಲ.

ಸುಮಾರು ಏಳು ವರ್ಷಗಳ ಮಾಹಿತಿ ಸೋಸಿ 2024ರಲ್ಲಿ ಹಾಕ್ ತಂಡ ತನ್ನ ಫಲಿತಾಂಶ ಕೊಟ್ಟಿತು. ಗೆಲಾಕ್ಸಿಯ ನಡುವಿನ ದಿಕ್ಕಿನಿಂದ 100 ಟೆರಾ ಮೀರಿದ, ನೂರರ ಹತ್ತಿರ ಗಾಮಾ ಘಟನೆಗಳು ದಾಖಲಾಗಿದ್ದವು. ಏಳು ವರ್ಷಕ್ಕೆ ನೂರು. ತಿಂಗಳಿಗೆ ಒಂದು ಚಿಲ್ಲರೆ. ಇಷ್ಟು ತಾಳ್ಮೆಯಿಂದ ಕಾದವರ ಬಗ್ಗೆ ನನಗೆ ತುಂಬಾ ಗೌರವವಿದೆ. ನಡುಮನೆಯಲ್ಲಿ ಪೆವಾಟ್ರಾನ್ ಇದೆ ಎಂಬ ಮಾತಿಗೆ ಈಗ ಗಟ್ಟಿ ಆಧಾರ ಸಿಕ್ಕಿದೆ.

ಹಾಗಾದರೆ ಕಪ್ಪುಕುಳಿಯೇನಾ?

ಅವಸರಪಟ್ಟು ಹೌದು ಎನ್ನುವುದು ಸರಿಯಲ್ಲ. ಕಪ್ಪುಕುಳಿಯ ಮೇಲೆ ಅನುಮಾನ ಬಲವಾಗಿದೆ, ಅಷ್ಟೇ.

ಕಪ್ಪುಕುಳಿ ಎಲ್ಲವನ್ನೂ ನುಂಗುತ್ತದೆ, ಅದು ಕಣವನ್ನು ಹೊರಗೆ ಎಸೆಯುವುದು ಹೇಗೆ ಎಂದು ಕೇಳಬಹುದು. ಎಸೆಯುವುದು ಒಳಗಿನಿಂದಲ್ಲ. ಅದರೊಳಗೆ ಬೀಳಲು ಹೊರಟ ಅನಿಲ ಸುತ್ತ ಸುಳಿಯಾಗಿ ತಿರುಗುತ್ತದೆ, ಬಲವಾದ ಕಾಂತಕ್ಷೇತ್ರ ಹೆಣೆದುಕೊಳ್ಳುತ್ತದೆ. ಬ್ಯಾಟ್ ಬೀಸುವುದು ಆ ಸುಳಿಯಲ್ಲಿ. ತೊಂದರೆ ಏನೆಂದರೆ ನಮ್ಮ ಕಪ್ಪುಕುಳಿ ಈಗ ಬಹಳ ಶಾಂತವಾಗಿದೆ, ಅದಕ್ಕೆ ಸಿಗುತ್ತಿರುವ ಮೇವು ಕಮ್ಮಿ. ಗೆಲಾಕ್ಸಿಯಲ್ಲಿರುವ ಎಲ್ಲ ಪೆಟಾ ಕಣಗಳ ಲೆಕ್ಕ ಸರಿಹೋಗಲು ಅದರ ಈಗಿನ ದುಡಿಮೆ ಸಾಲದು. ಹಿಂದೆ ಅದು ಹೀಗಿರಲಿಲ್ಲ ಎಂಬುದಕ್ಕೆ ಗುರುತುಗಳಿವೆ. ಸುಮಾರು 200 ವರ್ಷಗಳ ಹಿಂದೆ ಅದು ಒಮ್ಮೆ ಭುಗಿಲೆದ್ದಿತ್ತು ಎಂಬುದು ಪಕ್ಕದ ಮೋಡಗಳಿಂದ ಪ್ರತಿಧ್ವನಿಯ ಹಾಗೆ ಬಂದ ಎಕ್ಸ್‌ರೇಯಿಂದ ತಿಳಿದಿದೆ. ಇನ್ನೂ ದೊಡ್ಡದು, ಫರ್ಮಿ ಉಪಗ್ರಹದ ಮಾಹಿತಿಯಲ್ಲಿ 2010ರಲ್ಲಿ ಕಂಡ, ಗಾಮಾ ಬೆಳಕಿನ 'ಫರ್ಮಿ ಗುಳ್ಳೆಗಳು'. ಗೆಲಾಕ್ಸಿಯ ನಡುವಿನಿಂದ ಮೇಲಕ್ಕೊಂದು ಕೆಳಕ್ಕೊಂದು, ತಲಾ ಸುಮಾರು 25,000 ಜ್ಯೋತಿರ್ವರ್ಷ ಎತ್ತರಕ್ಕೆ ಉಬ್ಬಿ ನಿಂತಿವೆ. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಏನೋ ಭಾರೀ ಘಟನೆ ನಡೆದಿತ್ತು ಎಂದೇ ಅರ್ಥ.

ಎರಡನೇ ಅನುಮಾನ ಎಳೆಯ ದೈತ್ಯ ನಕ್ಷತ್ರಗಳ ಗುಂಪಿನ ಮೇಲೆ. ಅವುಗಳ ಮೈಯಿಂದ ಹೊರಡುವ ಬಿರುಗಾಳಿಗಳು ಒಂದಕ್ಕೊಂದು ಬಡಿದು ಆಘಾತದ ಅಲೆಗಳನ್ನು ಎಬ್ಬಿಸುತ್ತವೆ. ಇದೂ ಬಿಡದೆ ಉರಿಯುವ ಮೂಲವೇ, ಊದುಬತ್ತಿಯ ಜಾಡಿಗೆ ಹೊಂದುತ್ತದೆ. ಪಕ್ಕದ ಸೂಪರ್‌ನೋವಾ ಅವಶೇಷ ಈ ಲೆಕ್ಕಕ್ಕೆ ಅಷ್ಟಾಗಿ ಹೊಂದುವುದಿಲ್ಲ, ಅದು ಒಂದೇ ಸಲದ ಸೆಂಟು.

ಪೆವಾಟ್ರಾನ್ ಇರುವುದು ನಡುಮನೆಯಲ್ಲಿ ಮಾತ್ರ ಅಂತಲೂ ಅಲ್ಲ. ಚೀನಾದ ಸಿಚುವಾನ್‌ನಲ್ಲಿ 4,410 ಮೀಟರ್ ಎತ್ತರದಲ್ಲಿರುವ ಲಾಸೊ ವೀಕ್ಷಣಾಲಯ 2021ರಲ್ಲಿ ಒಟ್ಟಿಗೆ 12 ಪೆವಾಟ್ರಾನ್ ಜಾಗಗಳನ್ನು ತೋರಿಸಿತು. ಸಿಗ್ನಸ್ ನಕ್ಷತ್ರಪುಂಜದ ಕಡೆಯಿಂದ 1.4 ಪೆಟಾದ ಗಾಮಾವನ್ನೂ ಹಿಡಿಯಿತು. ಇನ್ನು ಪೆಟಾಕ್ಕಿಂತ ಸಾವಿರಾರು ಪಟ್ಟು ಶಕ್ತಿಯ ಕಣಗಳು ಬೇರೆ ಗೆಲಾಕ್ಸಿಗಳಿಂದಲೇ ಬರುತ್ತವೆ ಎಂಬುದಕ್ಕೆ ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 2017ರಲ್ಲಿ ಪುರಾವೆ ಕೊಟ್ಟಿದೆ. ನಮ್ಮ ಹುಡುಕಾಟ ಅದಕ್ಕೆ ಸೇರಿದ್ದಲ್ಲ.

ಮುಂದಿನ ದೊಡ್ಡ ಸಾಕ್ಷಿ ನ್ಯೂಟ್ರಿನೋ ಆಗಬಹುದು. ಗಾಮಾವನ್ನು ಎಲೆಕ್ಟ್ರಾನ್ ಕೂಡ ಹುಟ್ಟಿಸಬಲ್ಲದು, ಆದರೆ ನ್ಯೂಟ್ರಿನೋ ಬಂತೆಂದರೆ ಅಲ್ಲಿ ಪ್ರೋಟಾನ್ ಇದ್ದದ್ದು ಖಚಿತ. ದಕ್ಷಿಣ ಧ್ರುವದ ಮಂಜಿನೊಳಗಿರುವ ಐಸ್‌ಕ್ಯೂಬ್ 2023ರಲ್ಲಿ ಹಾಲುಹಾದಿಯ ಪಟ್ಟಿಯಿಂದ ನ್ಯೂಟ್ರಿನೋಗಳು ಬರುತ್ತಿರುವುದನ್ನು ತೋರಿಸಿದೆ. ಒಂದೇ ಬಿಂದುವಿಗೆ ಬೆರಳಿಡುವಷ್ಟು ಅವು ಇನ್ನೂ ಸೇರಿಲ್ಲ.

ಕೋಲಾರದ ಗಣಿಯಲ್ಲಿ

ನ್ಯೂಟ್ರಿನೋ ಎಂದಾಗ ಕೋಲಾರವನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಎರಡನೇ ಮಹಾಯುದ್ಧ ಶುರುವಾದಾಗ ರಜೆಗೆಂದು ಭಾರತಕ್ಕೆ ಬಂದಿದ್ದ ಹೋಮಿ ಭಾಭಾ ಇಲ್ಲೇ ಉಳಿಯಬೇಕಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಅಧ್ಯಯನ ಶುರುಮಾಡಿದರು. ಕಣಗಳ ಸುರಿಮಳೆ ಹೇಗೆ ಬೆಳೆಯುತ್ತದೆ ಎಂಬ ಲೆಕ್ಕವನ್ನು 1937ರಲ್ಲೇ ವಾಲ್ಟರ್ ಹೈಟ್ಲರ್ ಜೊತೆ ಸೇರಿ ಬರೆದವರು ಅವರು. ಮುಂದೆ ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ತರುಣರು 1950ರ ದಶಕದ ಶುರುವಿನಲ್ಲಿ ಕೆಜಿಎಫ್‌ನ ಗಣಿಗೆ ಇಳಿದರು. ಅವರಲ್ಲಿ ಒಬ್ಬರು ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್.

ವಿಶ್ವಕಿರಣ ಬರುವುದು ಆಕಾಶದಿಂದ, ಗಣಿಗೆ ಇಳಿದದ್ದು ಯಾಕೆ? ಮೇಲಿನ ಗದ್ದಲವನ್ನು ಬಂಡೆಯಿಂದ ಸೋಸಲು. ಮ್ಯುಯಾನ್ ಸೂರನ್ನು ತೂರುತ್ತದೆ, ಬೆಟ್ಟವನ್ನೂ ತೂರಬಹುದು, ಆದರೆ ಕಿಲೋಮೀಟರ್‌ಗಟ್ಟಲೆ ಬಂಡೆಯ ಕೆಳಗೆ ಬರುವಷ್ಟರಲ್ಲಿ ಬಹುತೇಕ ನಿಂತುಹೋಗುತ್ತದೆ. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ, ಬಿಸಿ ಬಂಡೆಯ ಸೆಕೆಯಲ್ಲಿ ಉಪಕರಣ ಇಟ್ಟು ಕಾದರು. 1965ರಲ್ಲಿ ಅಲ್ಲಿ ಸಿಕ್ಕ ಕೆಲವು ಗುರುತುಗಳು ನ್ಯೂಟ್ರಿನೋಗಳದ್ದು. ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟಿ, ಬಂಡೆಯನ್ನೆಲ್ಲ ದಾಟಿ ಬಂದವು. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್‌ನವರೂ ಜೊತೆಗಿದ್ದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಇಂಥವೇ ಸಿಕ್ಕವು. ಗಾಳಿಯಲ್ಲಿ ಹುಟ್ಟಿದ ನ್ಯೂಟ್ರಿನೋಗಳು ಜಗತ್ತಿನಲ್ಲಿ ಮೊದಲು ಕಂಡದ್ದು ಈ ಎರಡು ಗಣಿಗಳಲ್ಲೇ. ಕೋಲಾರದ ಗಣಿ 2001ರಲ್ಲಿ ಮುಚ್ಚಿತು.

ಕೆಲಸ ನಿಂತಿಲ್ಲ. ಊಟಿಯಲ್ಲಿ ಗ್ರೇಪ್ಸ್-3 ಎಂಬ ಪ್ರಯೋಗ ವರ್ಷಗಳಿಂದ ವಿಶ್ವಕಿರಣಗಳನ್ನು ಎಣಿಸುತ್ತಿದೆ. ಪ್ರೋಟಾನ್‌ಗಳ ಲೆಕ್ಕದ ಗೆರೆಯಲ್ಲಿ 166 ಟೆರಾ ಬಳಿ ಹೊಸ ಬಾಗು ಇದೆ ಎಂದು 2024ರಲ್ಲಿ ತೋರಿಸಿದವರು ಅವರೇ. ಅದೇ ವರ್ಷ ಲಡಾಖಿನ ಹಾನ್ಲೆಯಲ್ಲಿ 21 ಮೀಟರ್ ಅಗಲದ ಮೇಸ್ ಗಾಮಾ ದೂರದರ್ಶಕ ಉದ್ಘಾಟನೆಯಾಯಿತು. ಅದನ್ನು ಕಟ್ಟಿದ್ದು ಮುಂಬಯಿಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ. ಹಾನ್ಲೆಯ ಖಗೋಳ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ.

ಮತ್ತೆ ಅತ್ತಿಗೆಯ ಪ್ರಶ್ನೆಗೆ

ಅಪಾಯ ಇದೆಯಾ? ನೆಲದ ಮೇಲಿರುವ ನಮಗೆ ಹೆದರುವ ಕಾರಣವಿಲ್ಲ. ನಮ್ಮ ಮೇಲಿರುವ ಗಾಳಿಯ ತೂಕ ಹತ್ತು ಮೀಟರ್ ನೀರಿನ ತೂಕಕ್ಕೆ ಸಮ. ಅಷ್ಟು ದಪ್ಪದ ಕಂಬಳಿ ಹೊದ್ದುಕೊಂಡೇ ಇದ್ದೇವೆ. ವಿಮಾನದ ಎತ್ತರದಲ್ಲಿ ಕಂಬಳಿ ತೆಳ್ಳಗಾಗುತ್ತದೆ, ಅಲ್ಲಿ ಕಣಗಳು ಜಾಸ್ತಿ. ಅಪರೂಪಕ್ಕೆ ಕಣವೊಂದು ಕಂಪ್ಯೂಟರ್ ಚಿಪ್ಪಿನಲ್ಲಿ ಒಂದು ಸೊನ್ನೆಯನ್ನು ಒಂದು ಮಾಡಿಬಿಡುವುದುಂಟು. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೆಕ್ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ 4,096 ಮತ ಹೆಚ್ಚು ಬಿದ್ದದ್ದಕ್ಕೆ ಇದೇ ಕಾರಣವಿರಬಹುದೆಂಬ ಅನುಮಾನ ಇವತ್ತಿಗೂ ಇದೆ. ಇಂಥದ್ದಕ್ಕೆಂದೇ ಮುಖ್ಯ ಯಂತ್ರಗಳಲ್ಲಿ ತಪ್ಪು ತಿದ್ದುವ ವ್ಯವಸ್ಥೆ ಇಟ್ಟಿರುತ್ತಾರೆ. ರಾತ್ರಿ ಫೋನ್ ಆಫ್ ಮಾಡಿದರೆ ಮಾತ್ರ ಯಾವ ಕಣವೂ ನಿಲ್ಲುವುದಿಲ್ಲ.

ಇಷ್ಟು ಹೇಳಿದ ಮೇಲೆ ಅತ್ತಿಗೆ ಕೇಳಿದ್ದು ಒಂದೇ: "ಆ ನಡುಮನೆ ಆಕಾಶದಲ್ಲಿ ಯಾವ ಕಡೆ?"

ಮೇ ತಿಂಗಳಲ್ಲಾದರೆ ನಡುರಾತ್ರಿ ಕಳೆದು ಎರಡು ಗಂಟೆಯ ಹೊತ್ತಿಗೆ, ದಕ್ಷಿಣಕ್ಕೆ ಮುಖ ಮಾಡಿ ತಾರಸಿಯ ಮೇಲೆ ನಿಲ್ಲಬೇಕು. ಯುರೋಪಿನವರಿಗೆ ಅದು ದಿಗಂತಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ಕರ್ನಾಟಕದಲ್ಲಿ ಅರ್ಧ ಆಕಾಶದಷ್ಟು ಎತ್ತರಕ್ಕೆ ಏರುತ್ತದೆ. ಮೊದಲು ವೃಶ್ಚಿಕದ ಚೇಳನ್ನು ಗುರುತಿಸಿ, ಬಾಲ ಹಿಡಿದು ಕೊಂಡಿಯವರೆಗೆ ಬನ್ನಿ. ಆ ಕೊಂಡಿಯೇ ಮೂಲಾ ನಕ್ಷತ್ರ. ಕೈ ನೀಟಾಗಿ ಚಾಚಿ ಮುಷ್ಟಿ ಕಟ್ಟಿ. ಕೊಂಡಿಯಿಂದ ಒಂದು ಮುಷ್ಟಿಯ ಅಗಲಕ್ಕಿಂತ ತುಸು ಕಮ್ಮಿ ಮೇಲಕ್ಕೆ, ಒಂಚೂರು ಎಡಕ್ಕೆ. ಅಲ್ಲಿ ಕಣ್ಣಿಗೆ ವಿಶೇಷವೇನೂ ಕಾಣುವುದಿಲ್ಲ, ದೂಳು ಮರೆಮಾಡಿದೆ. ಊರಾಚೆ ಕತ್ತಲಿದ್ದರೆ ಹಾಲುಹಾದಿ ಆ ಜಾಗದಲ್ಲೇ ಎಲ್ಲಕ್ಕಿಂತ ದಪ್ಪಗೆ, ದಟ್ಟವಾಗಿ ಹರಡಿರುವುದು ಕಾಣುತ್ತದೆ.

"ಮೂಲಾ ನಮ್ಮ ಮಗುವಿನ ನಕ್ಷತ್ರ" ಎಂದರು ಅತ್ತಿಗೆ.